ಮೊದಲು ಕೊಳವೆ, ಆಮೇಲೆ ಡಾಂಬರು: ಹೊರವಲಯದ ಒಂದು ವಾರ್ಡಿನ ಅಭ್ಯರ್ಥಿ ತನ್ನ ಆದ್ಯತೆಗಳನ್ನು ಆರಿಸಿದ ಬಗೆ

ಪಾಲಿಕೆ ಚುನಾವಣೆಗೆಂದು ಬರೆದ ಮೊದಲ ಕರಡಿನಲ್ಲಿ ಇಪ್ಪತ್ತಮೂರು ಭರವಸೆಗಳಿದ್ದವು. ಊರ ಬಾಗಿಲಿನ ಸ್ವಾಗತ ಕಮಾನಿನಿಂದ ಹಿಡಿದು ಮೆಟ್ರೊ ನಿಲ್ದಾಣದವರೆಗೆ ಎಲ್ಲವೂ ಅದರಲ್ಲಿ ಜಾಗ ಪಡೆದಿದ್ದವು. ಮನೆಮನೆಗೆ ಹಂಚಲು ಸಿದ್ಧವಾದ ಕೊನೆಯ ಹಾಳೆಯಲ್ಲಿ ಉಳಿದದ್ದು ನಾಲ್ಕು. ಉಳಿದ ಹತ್ತೊಂಬತ್ತನ್ನು ಏಕೆ ಹೊಡೆದುಹಾಕಬೇಕಾಯಿತು, ಹೊಡೆದುಹಾಕಿದಾಗ ಯಾರು ಮುನಿಸಿಕೊಂಡರು, ಉಳಿದ ನಾಲ್ಕು ಯಾವ ಲೆಕ್ಕಾಚಾರದ ಮೇಲೆ ನಿಂತಿವೆ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಅಭ್ಯರ್ಥಿಯ ಹೆಸರನ್ನಾಗಲಿ ವಾರ್ಡಿನ ಹೆಸರನ್ನಾಗಲಿ ಬರೆಯುವುದಿಲ್ಲ. ಈ ಟಿಪ್ಪಣಿಗೆ ಅವರು ಒಪ್ಪಿದ್ದು ಆ ಷರತ್ತಿನ ಮೇಲೆಯೇ. ವಾರ್ಡು ಬೆಂಗಳೂರಿನ ಪೂರ್ವದ ಅಂಚಿನಲ್ಲಿದೆ. ಅದರ ನಡುವಿನ ಹಳೆಯ ಊರು 2007ರವರೆಗೆ ಗ್ರಾಮ ಪಂಚಾಯಿತಿಗೆ ಸೇರಿತ್ತು. ಅಭ್ಯರ್ಥಿ ಆ ಪಂಚಾಯಿತಿಯ ಸದಸ್ಯೆಯಾಗಿದ್ದವರು. ಊರಿನವರಿಗೆ ಅವರು ಇಂದಿಗೂ ‘ಮೆಂಬರ್ ಅಕ್ಕ’. ನಾನು ಅದೇ ವಾರ್ಡಿನ ಬಡಾವಣೆಯೊಂದರಲ್ಲಿ ವಾಸವಾಗಿದ್ದೇನೆ. ವಾರ್ಡ್ ಸಮಿತಿಯ ಸಭೆಗಳಲ್ಲಿ ಕುಳಿತು ನಡಾವಳಿ ಬರೆದು ರೂಢಿಯಿದ್ದ ಕಾರಣ, 2025ರ ಕೊನೆಯ ತಿಂಗಳುಗಳಲ್ಲಿ ಅವರ ಮಾತುಕತೆಗಳನ್ನು ಬರೆದಿಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಅವರ ಪರವಾಗಿದ್ದೇನೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಅವರ ಒಂದು ತೀರ್ಮಾನ ತಪ್ಪು ಎಂದು ಇವತ್ತಿಗೂ ನಂಬಿದ್ದೇನೆ. ಅದು ಮುಂದೆ ಬರುತ್ತದೆ.

ಊರು ನಗರವಾದ ಬಗೆ

2007ರಲ್ಲಿ ಸರ್ಕಾರ ಹಳೆಯ ಬೆಂಗಳೂರು ಮಹಾನಗರ ಪಾಲಿಕೆಗೆ ಏಳು ನಗರಸಭೆಗಳನ್ನು, ಕೆಂಗೇರಿ ಪುರಸಭೆಯನ್ನು ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಮಾಡಿತು. ಸುಮಾರು 226 ಚದರ ಕಿಲೋಮೀಟರಿನ ನಗರ 700 ಚದರ ಕಿಲೋಮೀಟರ್ ದಾಟಿತು. ಹಳ್ಳಿಗಳು ಕಾಗದದ ಮೇಲೆ ಒಂದೇ ದಿನದಲ್ಲಿ ನಗರವಾದವು. ನೆಲದ ಕೆಳಗೆ ಏನೂ ಬದಲಾಗಲಿಲ್ಲ. ನೀರಿನ ಕೊಳವೆ ಇರಲಿಲ್ಲ, ಒಳಚರಂಡಿ ಇರಲಿಲ್ಲ. ಆದರೆ ಜನ ಬರುವುದು ನಿಲ್ಲಲಿಲ್ಲ. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಶೇಕಡ 47ರಷ್ಟು ಹೆಚ್ಚಿತು. 2011ರ ಜನಗಣತಿಯ ಹೊತ್ತಿಗೆ ಪಾಲಿಕೆಯ ವ್ಯಾಪ್ತಿಯಲ್ಲಿ 84 ಲಕ್ಷಕ್ಕೂ ಹೆಚ್ಚು ಜನರಿದ್ದರು. ಆ ಮೇಲಿನ ಬೆಳವಣಿಗೆಯನ್ನು ನಾವು ಲೆಕ್ಕದಲ್ಲಿ ಕಂಡಿಲ್ಲ, ಕಣ್ಣಿನಲ್ಲಿ ಕಂಡಿದ್ದೇವೆ. ರಾಗಿ ಹೊಲವಿದ್ದಲ್ಲಿ ನಿವೇಶನದ ಕಲ್ಲು ನೆಟ್ಟರು, ಕಲ್ಲು ನೆಟ್ಟಲ್ಲಿ ಮೂರು ಅಂತಸ್ತಿನ ಮನೆ ಎದ್ದಿತು.

ಇಷ್ಟು ವೇಗವಾಗಿ ಬೆಳೆದ ಊರಿಗೆ 2025ರ ಕೊನೆಯ ಹೊತ್ತಿಗೆ ಐದು ವರ್ಷಕ್ಕೂ ಮೀರಿ ಚುನಾಯಿತ ಸದಸ್ಯರೇ ಇರಲಿಲ್ಲ. ಅದಕ್ಕೆ ಹಿಂದಿನ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243-ಯು ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಆದರೂ 198 ಇದ್ದ ವಾರ್ಡುಗಳನ್ನು 243 ಮಾಡಿದರು, ಮತ್ತೆ 225 ಮಾಡಿದರು, ಚುನಾವಣೆ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. 2025ರ ಮೇ ತಿಂಗಳಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂದು, ಸೆಪ್ಟೆಂಬರ್‌ನಲ್ಲಿ ನಗರ ಐದು ಪಾಲಿಕೆಗಳಾಗಿ ಒಡೆಯಿತು. ಮಹದೇವಪುರ ಮತ್ತು ಕೃಷ್ಣರಾಜಪುರ ವಿಧಾನಸಭಾ ಕ್ಷೇತ್ರಗಳು ಪೂರ್ವ ನಗರ ಪಾಲಿಕೆಗೆ ಸೇರಿದವು. ವಾರ್ಡುಗಳ ಗಡಿ ಮತ್ತೊಮ್ಮೆ ಬದಲಾಯಿತು. ನಮ್ಮ ಅಭ್ಯರ್ಥಿ ತಮ್ಮ ಮತದಾರರು ಯಾರೆಂದು ತಿಳಿಯಲು ಹೊಸ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಬೀದಿಬೀದಿಯನ್ನೂ ಗುರುತು ಹಾಕಿಕೊಳ್ಳಬೇಕಾಯಿತು.

ಯಾರು ಏನು ಕೇಳಿದರು

ವಾರ್ಡಿನಲ್ಲಿ ಮೂರು ಊರುಗಳು ಬೆನ್ನಿಗೆ ಬೆನ್ನು ತಾಗಿಸಿಕೊಂಡು ಬದುಕುತ್ತಿವೆ. ಹಳೆಯ ಊರಿನವರು ಕೇಳಿದ್ದು ಸ್ಮಶಾನಕ್ಕೆ ಬೇಲಿ, ಗುಂಡುತೋಪಿನ ಒತ್ತುವರಿ ತೆರವು, ಕೆರೆ ಏರಿಯ ಮೇಲೆ ದೀಪ. ಅನುಮೋದನೆಯಿಲ್ಲದೆ ಎದ್ದ ರೆವಿನ್ಯೂ ಬಡಾವಣೆಯವರಿಗೆ ಬೇಕಾದದ್ದು ರಸ್ತೆ ಮತ್ತು ಎ ಖಾತಾ, ಅಂದರೆ ಆಸ್ತಿ ಸಕ್ರಮವೆಂದು ಪಾಲಿಕೆ ಕೊಡುವ ದಾಖಲೆ; ಈ ಎರಡು ಮಾತು ಬಿಟ್ಟು ಮೂರನೆಯದು ಅಲ್ಲಿ ಕೇಳಿಬಂದದ್ದು ಅಪರೂಪ. ಅಪಾರ್ಟ್‌ಮೆಂಟುಗಳಲ್ಲಿ ಟ್ಯಾಂಕರ್ ಖರ್ಚು, ವಾಹನ ದಟ್ಟಣೆ, ಬೀದಿನಾಯಿಗಳ ವಿಷಯ.

ನಾಲ್ಕನೆಯ ಊರೂ ಒಂದಿದೆ. ಖಾಲಿ ನಿವೇಶನಗಳಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿರುವ ಕಟ್ಟಡ ಕಾರ್ಮಿಕರದು. ಅವರ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿ ಇಲ್ಲ. ಅಲ್ಲಿಗೆ ಹೋಗುವುದರಿಂದ ಒಂದು ಮತವೂ ಬರುವುದಿಲ್ಲ ಎಂದು ಪ್ರಚಾರದ ಹುಡುಗರು ಹೇಳಿದರು. ಅಕ್ಕ ಹೋದರು. “ಇವರ ಶೌಚದ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡದೆ ನಾನು ಚರಂಡಿಯ ಮಾತು ಆಡುವುದು ಹೇಗೆ?” ಎಂದರು. ಆ ನೀರು ಹತ್ತಿರದ ಕಾಲುವೆಗೆ ಹೋಗುತ್ತಿತ್ತು. ಕಾಲುವೆ ಕೆರೆಗೆ ಹೋಗುತ್ತಿತ್ತು.

ಎಲ್ಲವನ್ನೂ ಬರೆದುಕೊಂಡಾಗ ಪಟ್ಟಿ ಇಪ್ಪತ್ತಮೂರಕ್ಕೆ ಮುಟ್ಟಿತು.

ಕೈಯಲ್ಲಿರುವುದು, ಇಲ್ಲದಿರುವುದು

ಪಟ್ಟಿಯನ್ನು ಜರಡಿ ಹಿಡಿಯಲು ಅವರು ಬಳಸಿದ ಮೊದಲ ಪ್ರಶ್ನೆ ಸರಳವಾಗಿತ್ತು: ಇದು ಪಾಲಿಕೆ ಸದಸ್ಯನ ಕೈಯಲ್ಲಿದೆಯೇ?

1992ರ 74ನೇ ತಿದ್ದುಪಡಿ ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳನ್ನು ಹನ್ನೆರಡನೇ ಅನುಸೂಚಿಯಲ್ಲಿ ಪಟ್ಟಿ ಮಾಡಿತು. ನಗರ ಯೋಜನೆ, ನೀರು ಸರಬರಾಜು ಎರಡೂ ಅದರಲ್ಲಿವೆ. ಆದರೆ ಬೆಂಗಳೂರಿನಲ್ಲಿ ನೀರು ಮತ್ತು ಒಳಚರಂಡಿ 1964ರಿಂದಲೂ ಜಲಮಂಡಳಿಯ ಕೈಯಲ್ಲಿವೆ. ಬಸ್ಸು ಬಿಎಂಟಿಸಿಯದು, ವಿದ್ಯುತ್ತು ಬೆಸ್ಕಾಂನದು, ಮೆಟ್ರೊ ಮತ್ತೊಂದು ನಿಗಮದ್ದು. ಕಸಕ್ಕೂ 2021ರಿಂದ ಪ್ರತ್ಯೇಕ ಕಂಪನಿ ಇದೆ. ಹೊಸ ಕಾಯ್ದೆಯಲ್ಲಿ ಇವೆಲ್ಲವನ್ನೂ ಒಂದೇ ಮೇಜಿನ ಸುತ್ತ ಕೂರಿಸುವ ಪ್ರಾಧಿಕಾರ ಬಂದಿದೆ. ಅದರ ಅಧ್ಯಕ್ಷರು ಮುಖ್ಯಮಂತ್ರಿಗಳು. ವಾರ್ಡಿನ ಸದಸ್ಯನ ಕುರ್ಚಿ ಆ ಮೇಜಿನಿಂದ ಬಹಳ ದೂರದಲ್ಲಿದೆ. ಬಡಾವಣೆಯ ಬೀದಿ, ಪಕ್ಕದ ಚರಂಡಿ, ಬೀದಿದೀಪ, ಪಾರ್ಕು, ಪಾದಚಾರಿ ದಾರಿ, ಕಸದ ಉಸ್ತುವಾರಿ ಇಷ್ಟು ಅವನ ಎಟುಕಿನಲ್ಲಿವೆ.

ಈ ಒಂದು ಜರಡಿಯಲ್ಲೇ ಮೆಟ್ರೊ ನಿಲ್ದಾಣ ಹೋಯಿತು. ಮೇಲ್ಸೇತುವೆ ಹೋಯಿತು. ಪೊಲೀಸ್ ಠಾಣೆ, ಆಸ್ಪತ್ರೆ, ಪದವಿ ಕಾಲೇಜು ಹೋದವು. ಕಮಾನು ಕೈಯಲ್ಲಿತ್ತು, ಆದರೆ ಅದನ್ನು ಅವರು ನಾಚಿಕೆಯಿಂದಲೇ ಹೊಡೆದರು.

ಎ ಖಾತಾ ಹೋದಾಗ ಗಲಾಟೆಯಾಯಿತು. ಕೃಷಿ ಭೂಮಿಯನ್ನು ಪರಿವರ್ತನೆ ಮಾಡಿಸದೆ, ನಕ್ಷೆಗೆ ಅನುಮೋದನೆ ಪಡೆಯದೆ ನಿವೇಶನ ಹಾಕಿ ಮಾರಿದ ಬಡಾವಣೆಗಳು ನಮ್ಮಲ್ಲಿ ಬಹಳ. ಅವುಗಳ ಆಸ್ತಿ ತೆರಿಗೆ ಕಟ್ಟಿಸಿಕೊಳ್ಳಲು ಪಾಲಿಕೆ ಇಟ್ಟ ಬೇರೆಯೇ ವಹಿಯೇ ಜನರ ಬಾಯಲ್ಲಿ ಬಿ ಖಾತಾ ಆಯಿತು. ಇದನ್ನು ಸಕ್ರಮಗೊಳಿಸುವುದು ಶಾಸನದ, ಸರ್ಕಾರದ, ನ್ಯಾಯಾಲಯದ ವಿಷಯ. ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲಿ ತಡೆ ಕೊಟ್ಟದ್ದನ್ನು ನಮ್ಮ ಬಡಾವಣೆಯ ಪ್ರತಿ ಮನೆಯೂ ಬಲ್ಲದು. ಆದರೂ “ಗೆದ್ದ ಆರು ತಿಂಗಳಿಗೆ ಎ ಖಾತಾ” ಎಂದು ಗೋಡೆಗೆ ಬರೆಯುವವರು ಇದ್ದೇ ಇದ್ದಾರೆ. ಎದುರಾಳಿ ಬರೆದರೆ ನಾವು ಸೋಲುತ್ತೇವೆ ಎಂದು ಬೆಂಬಲಿಗರು ವಾದಿಸಿದರು. “ಬರೆಯಲಿ. ನನ್ನ ಮನೆಯ ಮುಂದೆ ನಾಳೆ ಬಂದು ನಿಲ್ಲುವವರು ನೀವೇ ಅಲ್ಲವೇ? ಆಗ ನಾನು ಯಾವ ಮುಖ ಇಟ್ಟುಕೊಂಡು ಬಾಗಿಲು ತೆಗೆಯಲಿ?” ಎಂದು ಅವರು ಕೇಳಿದರು. ಆ ದಿನ ಇಬ್ಬರು ಎದ್ದು ಹೋದರು. ಒಬ್ಬರು ಮಾರನೆಯ ವಾರ ಮರಳಿದರು.

ಡಾಂಬರಿನ ಜಗಳ

ಇಡೀ ಪ್ರಕರಣದ ತಿರುಳು ಇಲ್ಲಿದೆ, ಹಾಗಾಗಿ ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ಎಲ್ಲರೂ ಕೇಳಿದ್ದು ರಸ್ತೆ. ಕೇಳುವುದಕ್ಕೆ ಕಾರಣವೂ ಇತ್ತು. ಕಾವೇರಿ ಐದನೇ ಹಂತದ ನೀರನ್ನೂ ಒಳಚರಂಡಿಯನ್ನೂ ತರಲೆಂದು 110 ಹಳ್ಳಿಗಳ ಬೀದಿಗಳನ್ನು ವರ್ಷಗಟ್ಟಲೆ ಅಗೆದರು. ನಮ್ಮ ಬೀದಿಯಲ್ಲಿ ಅಗೆದು ಮುಚ್ಚಿದ ಮಣ್ಣು ಮೊದಲ ಮಳೆಗೇ ಕುಸಿದು, ಶಾಲೆಗೆ ಹೊರಟಿದ್ದ ಮಗುವಿನ ಸೈಕಲ್ಲಿನ ಮುಂದಿನ ಚಕ್ರ ಅದರಲ್ಲಿ ಹೂತುಹೋಯಿತು. ಮಗುವಿಗೆ ಗದ್ದಕ್ಕೆ ಹೊಲಿಗೆ ಬಿದ್ದಿತು. ಅಂಥ ಬೀದಿಯಲ್ಲಿ ನಿಂತು “ರಸ್ತೆ ಆಮೇಲೆ” ಎಂದು ಹೇಳುವ ಅಭ್ಯರ್ಥಿಗೆ ಧೈರ್ಯ ಬೇಕು.

ಬೀದಿಯನ್ನು ಕೆಳಗಿನಿಂದ ಮೇಲಕ್ಕೆ ಕಟ್ಟಬೇಕು. ಒಳಚರಂಡಿ ಕೊಳವೆ ಬರಿಯ ಇಳಿಜಾರಿನ ಬಲದಿಂದ ಹರಿಯುತ್ತದೆ. ಇಳಿಜಾರು ಕಾಯ್ದುಕೊಳ್ಳಬೇಕಾದರೆ ಅದು ಎಲ್ಲಕ್ಕಿಂತ ಆಳದಲ್ಲಿರಬೇಕು. ಅದಕ್ಕಿಂತ ಮೇಲೆ, ಅದರಿಂದ ಪಕ್ಕಕ್ಕೆ ಸರಿದು ಕುಡಿಯುವ ನೀರಿನ ಕೊಳವೆ. ಅಂಚಿನಲ್ಲಿ ಮಳೆನೀರಿನ ಚರಂಡಿ. ಇವೆಲ್ಲ ಆದ ಮೇಲೆ ಜಲ್ಲಿ, ಕೊನೆಗೆ ಡಾಂಬರು. ವೇಗವಾಗಿ ಬೆಳೆಯುವ ನಗರದಲ್ಲಿ ಇದು ಪೂರಾ ತಲೆಕೆಳಗಾಗುತ್ತದೆ. ಮೊದಲು ಮನೆ ಬರುತ್ತದೆ, ಮನೆಯೊಂದಿಗೆ ಬೋರ್‌ವೆಲ್ಲು ಮತ್ತು ಶೌಚದ ಗುಂಡಿ, ಆಮೇಲೆ ಚುನಾವಣೆಗೆ ಮುಂಚೆ ಡಾಂಬರು, ಆ ಡಾಂಬರನ್ನು ಸೀಳಿಕೊಂಡು ಕೊಳವೆ. ಮೂವತ್ತು-ನಲವತ್ತರ ನಿವೇಶನದಲ್ಲಿ ಗುಂಡಿಗೂ ಬೋರ್‌ವೆಲ್ಲಿಗೂ ಎಷ್ಟು ಅಂತರ ಸಿಗುತ್ತದೆ? ಗುಂಡಿಯಲ್ಲಿ ಇಂಗಿದ್ದು ನೆಲದಡಿಯ ನೀರಿಗೆ ಸೇರಿ, ನೈಟ್ರೇಟ್ ಆಗಿ ಅದೇ ಮನೆಯ ನಲ್ಲಿಗೆ ಬರುತ್ತದೆ.

ಮತ್ತೊಂದು ವಿಷಯವನ್ನು ಹಳೆಯ ಊರಿನ ಅಜ್ಜಿಯೊಬ್ಬರು ತೋರಿಸಿಕೊಟ್ಟರು. ಅವರ ಮನೆ ಕಟ್ಟಿದಾಗ ಬೀದಿಯಿಂದ ಜಗಲಿಗೆ ಹತ್ತಲು ಮೂರು ಮೆಟ್ಟಿಲುಗಳಿದ್ದವು. ಪ್ರತಿ ಸಲ ಹಳೆಯ ಡಾಂಬರನ್ನು ಕೆತ್ತದೆ ಅದರ ಮೇಲೆಯೇ ಹೊಸದನ್ನು ಬಳಿದು ಬಳಿದು ಬೀದಿ ಏರಿತು. ಈಗ ಬೀದಿಯಿಂದ ಮನೆಗೆ ಇಳಿಯಬೇಕು. ಮಳೆ ಬಂದರೆ ಬೀದಿಯ ನೀರು ನಡುಮನೆಗೆ. “ರಸ್ತೆ ಮಾಡಿಸಿ ಎಂದು ಕೇಳಿದ್ದು ನಾವೇ ತಾಯಿ, ಬೇಡ ಎನ್ನುವುದು ಯಾರಿಗೆ ಹೊಳೆಯುತ್ತದೆ?” ಎಂದರು ಅಜ್ಜಿ.

ಅಕ್ಕ ಆ ರಾತ್ರಿಯೇ ಮೊದಲ ಆದ್ಯತೆಯನ್ನು ಬರೆಸಿದರು: ಕೊಳವೆ ಕೆಲಸ ಮುಗಿಯದ ಯಾವ ಬೀದಿಗೂ ನಾನು ಡಾಂಬರು ಹಾಕಿಸುವುದಿಲ್ಲ, ಮುಗಿದ ಬೀದಿಗೆ ತಡ ಮಾಡುವುದಿಲ್ಲ.

ಬರಿಯ ಘೋಷಣೆಯಾಗಿ ಉಳಿದಿದ್ದರೆ ಇದರಿಂದ ಪ್ರಯೋಜನವಿರುತ್ತಿರಲಿಲ್ಲ. ಇದನ್ನು ನಡೆಸಲು ಅವರು ಒಂದು ‘ಬೀದಿ ಪುಸ್ತಕ’ ಮಾಡಿದರು. ಪ್ರತಿ ಬೀದಿಗೆ ಒಂದು ಸಾಲು. ಒಳಚರಂಡಿ ಹಾಕಿದೆಯೇ, ಹಾಕಿದ್ದರೆ ಮುಂದಿನ ಮುಖ್ಯ ಕೊಳವೆಗೆ ಕೂಡಿದೆಯೇ, ನೀರಿನ ಕೊಳವೆಯಲ್ಲಿ ನೀರು ಹರಿಸಿ ಪರೀಕ್ಷಿಸಿದ್ದಾರೆಯೇ, ಎಷ್ಟು ಮನೆಗಳು ಸಂಪರ್ಕ ಪಡೆದಿವೆ, ಚರಂಡಿಗೆ ಎಲ್ಲಿ ಇಳಿಜಾರು. ಕೊನೆಯ ಅಂಕಣದಲ್ಲಿ ಮಾತ್ರ ಡಾಂಬರು. ಈ ಪುಸ್ತಕ ಬರೆಯಲು ನಾವು ಐದಾರು ಜನ ಮೂರು ಭಾನುವಾರ ಬೀದಿ ಸುತ್ತಿದೆವು. ಆಗ ಕಂಡದ್ದು ನಮ್ಮ ಊಹೆಯಲ್ಲಿ ಇರಲಿಲ್ಲ: ಹಲವು ಬೀದಿಗಳಲ್ಲಿ ಒಳಚರಂಡಿ ಕೊಳವೆಯೂ ಇದೆ, ಆಳುಗುಂಡಿಯ ಮುಚ್ಚಳವೂ ಇದೆ, ಆದರೆ ಅದು ಮುಂದೆ ಎಲ್ಲಿಗೂ ಕೂಡಿಲ್ಲ. ಜನ ತಮ್ಮ ಮನೆಯ ಕೊಳವೆಯನ್ನು ಅದಕ್ಕೆ ಜೋಡಿಸಿಬಿಟ್ಟಿದ್ದಾರೆ. ಅದು ತುಂಬಿ ಉಕ್ಕಿ ಮಳೆನೀರಿನ ಚರಂಡಿಗೆ ಸೇರುತ್ತಿದೆ.

ಮನೆ ಸಂಪರ್ಕದ ಅಂಕಣಕ್ಕೆ ಹೆಚ್ಚು ಬೆಲೆ ಇದೆ ಎಂದು ನನ್ನ ಅಭಿಪ್ರಾಯ. ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ಆವರೆಗೆ ನಗರಕ್ಕೆ ಬರುತ್ತಿದ್ದ 145 ಕೋಟಿ ಲೀಟರ್ ಕಾವೇರಿ ನೀರಿಗೆ ದಿನಕ್ಕೆ 77.5 ಕೋಟಿ ಲೀಟರ್ ಸೇರಿಸುವ ಯೋಜನೆ ಅದು. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಅಷ್ಟು ಎತ್ತರಕ್ಕೆ ನೀರನ್ನು ತಳ್ಳಿ ತಂದು ನಮ್ಮ ಬೀದಿಯ ಮೂಲೆಗೆ ನಿಲ್ಲಿಸಿದ ಮೇಲೆ, ಉಳಿದ ಹತ್ತು ಹೆಜ್ಜೆಗೆ ಮನೆಯವರು ಹಣ ಕಟ್ಟಿ ಅರ್ಜಿ ಹಾಕಬೇಕು. ಅನೇಕರು ಹಾಕಿಲ್ಲ. ಶುಲ್ಕ ಒಮ್ಮೆಗೇ ಕಟ್ಟುವುದು ಭಾರ, ಬೋರ್‌ವೆಲ್ಲಿನಲ್ಲಿ ಇನ್ನೂ ನೀರಿದೆ, ಪಕ್ಕದವರು ಪಡೆಯಲಿ ನೋಡೋಣ ಎಂಬ ಲೆಕ್ಕ. ಡಾಂಬರು ಹಾಕಿದ ಮೇಲೆ ಒಬ್ಬೊಬ್ಬರೇ ಅರ್ಜಿ ಹಾಕಿದರೆ ಪ್ರತಿ ಮನೆಯ ಮುಂದೂ ಒಂದು ಸೀಳು. ಆದ್ದರಿಂದ ಅವರ ಯೋಜನೆಯಲ್ಲಿ ಪ್ರತಿ ಬೀದಿಗೂ ಒಂದು ಗಡುವು ಇದೆ: ಡಾಂಬರಿನ ದಿನಕ್ಕೆ ಎರಡು ತಿಂಗಳು ಮುಂಚೆ ಬೀದಿಯ ಎರಡೂ ತುದಿಗೆ ಫಲಕ, ಬೀದಿಯಲ್ಲೇ ಅರ್ಜಿ ತುಂಬಿಸುವ ಎರಡು ದಿನದ ಶಿಬಿರ, ಎಲ್ಲ ಸಂಪರ್ಕಕ್ಕೂ ಒಂದೇ ಅಗೆತ. ನೀರು ಕೊಡುವ ಅಧಿಕಾರ ಸದಸ್ಯನಿಗಿಲ್ಲ. ನೀರು ಕೊಡುವವರು ಮತ್ತು ಪಡೆಯುವವರು ಒಂದೇ ದಿನ ಒಂದೇ ಬೀದಿಗೆ ಬರುವಂತೆ ಮಾಡುವ ಕೆಲಸವನ್ನು ಅವನಲ್ಲದೆ ಮತ್ತಾರು ಮಾಡಬಲ್ಲರು?

ಅಪಾರ್ಟ್‌ಮೆಂಟಿನ ಸಭೆಯಲ್ಲಿ ಇದಕ್ಕೆ ಬೇಗ ಒಪ್ಪಿಗೆ ಸಿಕ್ಕಿತು. 2024ರ ಬೇಸಿಗೆಯನ್ನು ಅವರು ಮರೆತಿರಲಿಲ್ಲ. ಆಗ ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್ಲುಗಳಲ್ಲಿ ಅರ್ಧದಷ್ಟು ಬತ್ತಿದ್ದವು. ಜಿಲ್ಲಾಡಳಿತ ಟ್ಯಾಂಕರಿಗೆ ದರ ಗೊತ್ತುಮಾಡಬೇಕಾಯಿತು, ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. ಬಡಾವಣೆಯ ಸಭೆ ಮಾತ್ರ ಕಠಿಣವಾಗಿತ್ತು. “ಹತ್ತು ವರ್ಷದಿಂದ ತೆರಿಗೆ ಕಟ್ಟಿದ್ದೇವೆ, ಕೆಸರಿನಲ್ಲೇ ಇರಬೇಕೇ?” ಎಂದು ಒಬ್ಬರು ಎದ್ದು ನಿಂತರು. ಅವರ ಕೋಪ ನ್ಯಾಯವಾದದ್ದು. ಆ ಸಭೆಯ ಫಲವಾಗಿ ಮೊದಲ ಆದ್ಯತೆಗೆ ಒಂದು ಸಾಲು ಸೇರಿತು: ಕೊಳವೆಗಾಗಿ ಕಾಯುತ್ತಿರುವ ಬೀದಿಗೆ ಜಲ್ಲಿಪುಡಿ ಹಾಕಿ ರೋಲರ್ ಹೊಡೆಸಿ ಓಡಾಡುವಷ್ಟು ಗಟ್ಟಿ ಮಾಡಿಸುವುದು, ಅಗೆದ ಗುಂಡಿಯನ್ನು ಪದರಪದರವಾಗಿ ಮುಚ್ಚಿ ದಮ್ಮಸು ಮಾಡಿದ್ದನ್ನು ನೋಡಿದ ಹೊರತು ಕೆಲಸ ಮುಗಿಯಿತೆಂದು ಸಹಿ ಹಾಕಬಾರದೆಂದು ಎಂಜಿನಿಯರಿಗೆ ಪಟ್ಟು ಹಿಡಿಯುವುದು.

ಕಾಲುವೆಯ ಗೆರೆ

ಎರಡನೆಯ ಆದ್ಯತೆ ಅವರ ಮನೆಯೊಳಗೇ ಬಂತು.

ಬೆಂಗಳೂರು ದಿಣ್ಣೆಯ ಮೇಲೆ ಕುಳಿತ ಊರು. ನೀರು ಇಲ್ಲಿಂದ ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ, ವೃಷಭಾವತಿ ಎಂಬ ಮೂರು ಕಣಿವೆಗಳಿಗೆ ಇಳಿಯುತ್ತದೆ. ಒಂದು ಕೆರೆ ಕೋಡಿ ಬಿದ್ದರೆ ಮುಂದಿನ ಕೆರೆಗೆ, ಅದು ತುಂಬಿದರೆ ಅದರ ಮುಂದಿನದಕ್ಕೆ. ಪೂರ್ವದ ನೀರು ಕಡೆಗೆ ದಕ್ಷಿಣ ಪಿನಾಕಿನಿಗೆ. ಕೆರೆಯಿಂದ ಕೆರೆಗೆ ಎಳೆದ ದಾರವೇ ರಾಜಕಾಲುವೆ. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರದ ಕಡೆ ಐಷಾರಾಮಿ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದ ದಿನಗಳಲ್ಲಿ ಇಡೀ ದೇಶಕ್ಕೆ ಆ ದಾರ ಎಲ್ಲೆಲ್ಲಿ ಕಡಿದಿದೆ ಎಂಬುದು ಕಂಡಿತು.

ಹಳೆಯ ಊರಿನಲ್ಲಿ ಕೆರೆಯ ತೂಬು ನೋಡಿಕೊಳ್ಳುತ್ತಿದ್ದ ನೀರಗಂಟಿ ಮನೆತನದ ಹಿರಿಯರೊಬ್ಬರು ಇದ್ದಾರೆ. ಅವರನ್ನು ಜೊತೆಗಿಟ್ಟುಕೊಂಡು, ಗ್ರಾಮನಕ್ಷೆಯ ಪ್ರತಿ ಹಿಡಿದು ನಾವು ಕಾಲುವೆಯ ಗುಂಟ ನಡೆದೆವು. ನಕ್ಷೆಯಲ್ಲಿ ಕಾಲುವೆ ಒಂದೇ ಅಗಲಕ್ಕೆ ಇಳಿದು ಬರುತ್ತದೆ. ನೆಲದ ಮೇಲೆ ಅದು ಒಂದೆಡೆ ಅಗಲ, ಒಂದೆಡೆ ಕಾಂಪೌಂಡುಗಳ ನಡುವೆ ಸಿಕ್ಕಿಕೊಂಡ ಗಟಾರ, ಮತ್ತೊಂದೆಡೆ ಚಪ್ಪಡಿಯ ಅಡಿ ಮಾಯ. ಹಿರಿಯರು ನಕ್ಷೆ ನೋಡಲೇ ಇಲ್ಲ. ಒಂದು ಸಾಲು ಬಾಡಿಗೆ ಮನೆಗಳ ಹಿಂದೆ ನಿಂತು, ಕೋಲಿನಿಂದ ಗೋಡೆ ಮುಟ್ಟಿ, “ನೀರು ಇಲ್ಲಿಂದ ಹೋಗುತ್ತಿತ್ತಮ್ಮ” ಎಂದರು.

ಆ ಬಾಡಿಗೆ ಮನೆಗಳು ಅಭ್ಯರ್ಥಿಯ ಮೈದುನರದು.

ಮೈದುನರು ಕೆಟ್ಟವರಲ್ಲ. ಹೊಲ ಹೋದ ಮೇಲೆ ಆ ಮನೆಗಳ ಬಾಡಿಗೆಯಲ್ಲೇ ಅವರ ಸಂಸಾರ ನಡೆದಿದೆ. ಕಟ್ಟುವಾಗ ಯಾರೂ ಬೇಡವೆನ್ನಲಿಲ್ಲ, ಪಕ್ಕದವರೂ ಹಾಗೆಯೇ ಕಟ್ಟಿದ್ದರು. ಹೊರವಲಯದ ಒತ್ತುವರಿಯ ಕಥೆಯಲ್ಲಿ ದೊಡ್ಡ ಬಿಲ್ಡರುಗಳಿರುವಂತೆ ಇಂಥ ಮನೆಗಳೂ ಇವೆ. ತೆರವು ಕಾರ್ಯಾಚರಣೆ ಬಂದಾಗ ಜೆಸಿಬಿ ಮೊದಲು ಬರುವುದು ಇಂಥ ಮನೆಯ ಮುಂದೆ, ದೊಡ್ಡ ಕಾಂಪೌಂಡಿಗೆ ತಡೆಯಾಜ್ಞೆ ಇರುತ್ತದೆ. ಇದು ನನ್ನನ್ನು ಬಹಳ ಕಾಡುವ ಅನ್ಯಾಯ.

ರಾಜಕಾಲುವೆಯನ್ನು ಪಟ್ಟಿಯಿಂದ ಬಿಡಿ ಎಂದು ಹೇಳಿದವರಲ್ಲಿ ಅವರ ಒಳ್ಳೆಯದನ್ನು ಬಯಸುವವರೇ ಹೆಚ್ಚು. ಬದಲಿಗೆ ‘ಕೆರೆ ಸೌಂದರ್ಯೀಕರಣ’ ಎಂದು ಬರೆಯಬಹುದಿತ್ತು. ಕೆರೆಯ ಸುತ್ತ ನಡಿಗೆ ಪಥ, ಬಣ್ಣದ ದೀಪ, ಒಂದು ಕಾರಂಜಿ. ಯಾರಿಗೂ ನೋವಿಲ್ಲ. ಎರಡು ದಿನ ಅವರು ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ. ಮೂರನೆಯ ದಿನ ಬರೆಸಿದ್ದು ಇಷ್ಟು: ಕಾಲುವೆಯ ಎರಡೂ ಬದಿಯನ್ನು ಅಳತೆ ಮಾಡಿಸುವುದು, ಅಳತೆಯನ್ನು ಎಲ್ಲರಿಗೂ ಕಾಣುವಂತೆ ಹಾಕುವುದು, ಹೂಳು ತೆಗೆಸುವ ಕೆಲಸವನ್ನು ಮಳೆಗಾಲಕ್ಕೆ ಮುಂಚೆ ಮುಗಿಸಿ ಹೂಳನ್ನು ದಡದಲ್ಲೇ ಬಿಡದೆ ಸಾಗಿಸುವುದು, ವಾಸದ ಮನೆ ಕಳೆದುಕೊಳ್ಳುವ ಬಾಡಿಗೆದಾರರಿಗೆ ತೆರವಿಗೆ ಮುಂಚೆ ಸಮಯ ಮತ್ತು ಬದಲಿ ನೆಲೆ ಕೇಳುವುದು. ತೆರವು ಮಾಡುವ ಅಧಿಕಾರ ಸದಸ್ಯನದಲ್ಲ. ಅಳತೆಯನ್ನು ತಡೆಯುವ ಪ್ರಭಾವ ಮಾತ್ರ ಅನೇಕ ಕಡೆ ಸದಸ್ಯನದೇ ಆಗಿತ್ತು ಎಂಬುದು ಎಲ್ಲರಿಗೂ ಗೊತ್ತು. ಆ ಪ್ರಭಾವವನ್ನು ಬಳಸುವುದಿಲ್ಲ ಎಂಬುದೇ ಇಲ್ಲಿನ ಭರವಸೆ.

ಉಳಿದ ಎರಡು, ಮತ್ತು ಬಿಟ್ಟ ಒಂದು

ಕಸದ ವಿಷಯಕ್ಕೆ ಹೆಚ್ಚು ಚರ್ಚೆ ಬೇಕಾಗಲಿಲ್ಲ. ಮಂಡೂರಿನ ಜನ ನಗರದ ಕಸವನ್ನು ಹೊತ್ತು, ಹೋರಾಡಿ, 2014ರ ಡಿಸೆಂಬರಿನಿಂದ ಲಾರಿಗಳನ್ನು ನಿಲ್ಲಿಸಿದರು. ನಮ್ಮ ಊರಿನವರು ಅವರ ನೆಂಟರು, ಆ ವಾಸನೆ ಬಲ್ಲವರು. ಹಸಿ ಮತ್ತು ಒಣ ಕಸ ಮನೆಯಲ್ಲೇ ಬೇರೆಯಾಗಬೇಕು, ಆಟೊ ದಿನವೂ ಒಂದೇ ಹೊತ್ತಿಗೆ ಬರಬೇಕು, ಪೌರಕಾರ್ಮಿಕರ ಹಾಜರಾತಿ ತೆಗೆಯುವ ಸ್ಥಳದಲ್ಲಿ ನೀರು ಮತ್ತು ಶೌಚಾಲಯ ಇರಬೇಕು. ಕೊನೆಯದನ್ನು ಸೇರಿಸಿದ್ದು ಅಕ್ಕನೇ. ಬೆಳಗಿನ ಜಾವಕ್ಕೆ ಕೆಲಸಕ್ಕೆ ಬರುವ ಹೆಂಗಸರು ಎಲ್ಲಿಗೆ ಹೋಗುತ್ತಾರೆ ಎಂದು ಅವರು ಕೇಳುವವರೆಗೆ ನಮ್ಮಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

ನಾಲ್ಕನೆಯದು ವಾರ್ಡ್ ಸಮಿತಿ. ಮೂರು ಲಕ್ಷ ಜನಸಂಖ್ಯೆ ಮೀರಿದ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 243-ಎಸ್ ವಿಧಿ ಹೇಳುತ್ತದೆ. ಅವರ ಮಾತು: ತಿಂಗಳಿಗೊಂದು ಸಭೆ, ಗೊತ್ತಾದ ದಿನ, ಗೊತ್ತಾದ ಜಾಗ, ಬೀದಿ ಪುಸ್ತಕ ಮೇಜಿನ ಮೇಲೆ, ವಾರ್ಡಿಗೆ ಬಂದ ಅನುದಾನ, ಕಾಮಗಾರಿಯ ಹೆಸರು, ಗುತ್ತಿಗೆಯ ಮೊತ್ತ, ಬಿಲ್ಲು ಪಾವತಿಯಾದ ದಿನ ಗೋಡೆಯ ಮೇಲೆ. ಪಂಚಾಯಿತಿಯ ಕಾಲದ ಗ್ರಾಮಸಭೆ ಅವರ ಮನಸ್ಸಿನಲ್ಲಿತ್ತು. “ಅಲ್ಲಿ ನಮ್ಮನ್ನು ನಿಲ್ಲಿಸಿ ಬೈಯುತ್ತಿದ್ದರು. ನಗರವಾದ ಮೇಲೆ ಬೈಯಲಿಕ್ಕೂ ಜಾಗವಿಲ್ಲದಂತಾಯಿತು” ಎಂದರು.

ನಾನು ಒಪ್ಪದ ತೀರ್ಮಾನ ಬಸ್ ನಿಲ್ದಾಣಕ್ಕೆ ಹೋಗುವ ಪಾದಚಾರಿ ದಾರಿಯದು. ಮೆಟ್ರೊದ ಪರ್ಪಲ್ ಮಾರ್ಗ 2023ರಲ್ಲಿ ವೈಟ್‌ಫೀಲ್ಡ್ ಮುಟ್ಟಿದ ಮೇಲೆ ನಮ್ಮ ಕಡೆಯ ಎಷ್ಟೋ ಜನರ ದಿನ ಬಸ್ಸು ಹಿಡಿದು ಮೆಟ್ರೊ ಮುಟ್ಟುವುದರಲ್ಲಿ ಶುರುವಾಗುತ್ತದೆ. ಮುಖ್ಯರಸ್ತೆಯ ನಿಲ್ದಾಣಕ್ಕೆ ನಡೆದು ಹೋಗಲು ದಾರಿಯಿಲ್ಲ. ಟ್ಯಾಂಕರು, ಟಿಪ್ಪರುಗಳ ನಡುವೆ ಮಕ್ಕಳು, ಬಸುರಿಯರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ನಡೆಯುತ್ತಾರೆ. ಪಾದಚಾರಿ ದಾರಿ ಪಾಲಿಕೆಯ ಕೈಯಲ್ಲೇ ಇರುವ ಕೆಲಸ, ಹಾಗಾಗಿ ಅದನ್ನು ಐದನೆಯದಾಗಿ ಸೇರಿಸಿ ಎಂದು ನಾನು ಹಟ ಹಿಡಿದೆ. ಚರಂಡಿ ಕಟ್ಟಿದ ಮೇಲೆ ಅದರ ಚಪ್ಪಡಿಯೇ ದಾರಿಯಾಗುತ್ತದೆ, ಬೇರೆ ಭರವಸೆ ಬೇಡ ಎಂದು ಅವರು ಹೇಳಿದರು. ಚರಂಡಿ ಮುಗಿಯಲು ಎಷ್ಟು ವರ್ಷ ಹಿಡಿಯುತ್ತದೋ, ಅಷ್ಟು ವರ್ಷ ಆ ಜನ ರಸ್ತೆಯ ಮೇಲೆಯೇ ನಡೆಯಬೇಕು. ನನ್ನ ಅಸಮ್ಮತಿಯನ್ನು ನಡಾವಳಿಯಲ್ಲಿ ಬರೆದಿದ್ದೇನೆ. ಅವರು ಅದನ್ನು ಓದಿ, ಅಳಿಸದೆ, ಸಹಿ ಹಾಕಿದರು.

ಅಳತೆಯ ದಿನ

ಹಾಳೆ ಅಚ್ಚಿಗೆ ಹೋಗುವ ಮುನ್ನ ಅವರು ಒಂದು ಕೆಲಸ ಮಾಡಬೇಕೆಂದರು. ಕುಟುಂಬದ ಹೆಸರಿನಲ್ಲಿ ಇನ್ನೂ ಜಂಟಿ ಪಹಣಿ ಇರುವ, ಆ ಬಾಡಿಗೆ ಮನೆಗಳು ನಿಂತಿರುವ ಸರ್ವೆ ನಂಬರಿಗೆ ಹದ್ದುಬಸ್ತು ಮಾಡಿಕೊಡಿ ಎಂದು ಅರ್ಜಿ ಹಾಕಿದರು. ಸ್ವಂತ ಜಮೀನಿನ ಗಡಿ ಗುರುತಿಸಿಕೊಡಿ ಎಂದು ಕೇಳಲು ಯಾವ ಅಧಿಕಾರವೂ ಬೇಡ. ತಮ್ಮ ಗಡಿ ಎಲ್ಲಿ ಮುಗಿಯುತ್ತದೆಂದು ತಿಳಿದರೆ ಕಾಲುವೆ ಎಲ್ಲಿ ಶುರುವಾಗುತ್ತದೆಂದು ತಾನಾಗಿಯೇ ತಿಳಿಯುತ್ತದೆ. ಅರ್ಜಿಗೆ ಸಹಿ ಹಾಕಿಸಲು ಮೈದುನರ ಮನೆಗೆ ಅವರು ಒಬ್ಬರೇ ಹೋದರು. ಒಳಗೆ ಏನು ಮಾತಾಯಿತೋ, ಸಹಿ ಹಾಕಿದ ಕಾಗದದೊಂದಿಗೆ ಹೊರಗೆ ಬಂದರು.

ಭೂಮಾಪಕರು ಬಂದದ್ದು ಒಂದು ಗುರುವಾರ ಬೆಳಿಗ್ಗೆ. ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಹೋಗಿತ್ತು, ಇಬ್ಬರು ಬಂದಿದ್ದರು, ಉಳಿದವರು ಮಹಡಿಯಿಂದ ನೋಡುತ್ತಿದ್ದರು. ನೀರಗಂಟಿ ಹಿರಿಯರು ಕುರ್ಚಿ ಬೇಡವೆಂದು ಕಲ್ಲಿನ ಮೇಲೆ ಕುಳಿತರು. ಗಡಿಕಲ್ಲಿನಿಂದ ಅಳೆಯುತ್ತ ಬಂದ ಗೆರೆ ಕೊನೆಯ ಎರಡು ಮನೆಗಳನ್ನು ದಾಟಿ ಮೂರನೆಯದರ ಅಡುಗೆಮನೆಯ ನಡುವೆ ಬಂತು. ಭೂಮಾಪಕರ ಸಹಾಯಕ ಕೆಂಪು ಬಣ್ಣದ ಡಬ್ಬಿ ಹಿಡಿದು ಗೋಡೆಯ ಮುಂದೆ ನಿಂತು ಅಭ್ಯರ್ಥಿಯ ಮುಖ ನೋಡಿದ. ಒಳಗೆ ಬಾಡಿಗೆಗೆ ಇದ್ದ ಹೆಂಗಸು ಒಲೆ ಆರಿಸಿ, ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು.

“ಹಾಕಪ್ಪ” ಎಂದರು ಮೈದುನರು.

ಅಕ್ಕ ಬೀದಿ ಪುಸ್ತಕ ತೆರೆದು, ಕಾಲುವೆಯ ಹಾಳೆಯಲ್ಲಿ ಅಳತೆ ಬರೆದುಕೊಂಡರು. ಆಮೇಲೆ ಆ ಹೆಂಗಸಿನ ಹೆಸರು ಕೇಳಿ, ಅದರ ಕೆಳಗೆ ಬರೆದರು.